ಒಂದೇ ಸಾಲಿನಲ್ಲಿ ಮೂರು ತಿಂಗಳು: ಹಳೆಯ ಮರಣ ಪುಸ್ತಕದ ಸಂಕ್ಷೇಪಗಳನ್ನು ಬಿಡಿಸುವುದು ಹೇಗೆ?

ಹೇಮಾವತಿ_ಹಿನ್ನೀರು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯ ತವರೂರು ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ಊರಿನೊಡನೆ ಹಿರಿಯರ ಸಮಾಧಿಗಳೂ ನೀರಿನಡಿಗೆ ಹೋದುದರಿಂದ, ಯಾರು ಯಾವಾಗ ತೀರಿಕೊಂಡರು ಎಂಬುದಕ್ಕೆ ನಮಗೆ ಉಳಿದಿರುವ ಲಿಖಿತ ಆಧಾರವೆಂದರೆ ನಮ್ಮ ಕ್ಯಾಥೊಲಿಕ್ ಧರ್ಮಕೇಂದ್ರದ, ಅಂದರೆ ಚರ್ಚಿನ, ಹಳೆಯ ಮರಣ ಪುಸ್ತಕ ಒಂದೇ. ಗುರುಗಳ ಅಪ್ಪಣೆ ಪಡೆದು ಅದರ ಹಾಳೆಗಳ ಫೋಟೊ ತೆಗೆದುಕೊಂಡು ಬಂದಿದ್ದೇನೆ. ರಾತ್ರಿ ಅಡುಗೆ ಕೆಲಸ ಮುಗಿದ ಮೇಲೆ ಎರಡೆರಡು ಹಾಳೆಯಂತೆ ನಕಲು ಮಾಡುತ್ತಿದ್ದೇನೆ.

ನನ್ನ ಮುತ್ತಜ್ಜಿಯದೆಂದು ನಾವು ನಂಬಿರುವ ಸಾಲು ಹೀಗಿದೆ. ಲ್ಯಾಟಿನ್ ಅಕ್ಷರಗಳನ್ನು ಇದ್ದಂತೆಯೇ ಕನ್ನಡದಲ್ಲಿ ಕೊಡುತ್ತಿದ್ದೇನೆ.

«ಡಿಯೆ 14 9ಬ್ರಿಸ್ 1896 ಸೆಪ್. ಮಾ. ಉಕ್ಸ್. ಕ್ಯು. ಇಗ್ನ್. ಆನ್. ಸಿ. 30, ಹೆರಿ ಫೆರ್. 6 ಡೆಫ್. ಎಕ್ಸ್ ಫೆಬ್ರ್. ಎಸ್. ಎಂ.»

ಇದರಲ್ಲಿ «9ಬ್ರಿಸ್» ಎಂದರೆ ಒಂಬತ್ತನೆಯ ತಿಂಗಳು, ಮುಂದಿನ «ಸೆಪ್.» ಅದನ್ನೇ ಸ್ಪಷ್ಟಪಡಿಸುತ್ತದೆ ಎಂದುಕೊಂಡು ನಾನು 14 ಸೆಪ್ಟೆಂಬರ್ 1896 ಎಂದು ಬರೆದುಕೊಂಡೆ. ಆದರೆ ಸಾಲಿನ ಕೊನೆಯಲ್ಲಿ «ಫೆಬ್ರ್.» ಎಂದೂ ಇದೆ. ಅದಕ್ಕಿಂತ ಹೆಚ್ಚಾಗಿ, ಮುತ್ತಜ್ಜಿ ಸತ್ತವರ ಹಬ್ಬ ಕಳೆದು ಹತ್ತು ಹನ್ನೊಂದು ದಿನಕ್ಕೆ ತೀರಿಕೊಂಡರು ಎಂದು ನನ್ನ ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರು. ಆ ಹಬ್ಬ ನವೆಂಬರ್ 2ಕ್ಕೆ. ಅಜ್ಜಿಯ ನೆನಪು ತಪ್ಪೋ, ನನ್ನ ಓದು ತಪ್ಪೋ?

ಇನ್ನೊಂದು ವಿಷಯ. ನಮ್ಮದನ್ನು ಊರಿನಲ್ಲಿ «ಚಿನ್ನಪ್ಪನ ಮನೆ» ಎನ್ನುತ್ತಿದ್ದರು. ಮುತ್ತಜ್ಜನ ಹೆಸರು ಇನ್ನಾಸಪ್ಪ. ಹೆಂಡತಿ ತೀರಿಕೊಂಡ ಮೇಲೆ ಅವರು ಮಕ್ಕಳನ್ನು ತಬ್ಬಲಿ ಮಾಡಿ ಕಾಫಿ ಸೀಮೆಗೆ ಹೋದರು, ತಿರುಗಿ ಬರಲಿಲ್ಲ ಎಂಬ ಮಾತು ಮನೆಯಲ್ಲಿ ಇಂದಿಗೂ ಇದೆ. ಆದ್ದರಿಂದ ಈ ಸಾಲಿನ ಒಂದೊಂದು ಅಕ್ಷರವೂ ನನಗೆ ಮುಖ್ಯ.

ಸಕಲೇಶಪುರ_ಮಳೆ

«ಸೆಪ್.» ಎಂದು ಕಣ್ಣಿಗೆ ಕಾಣುವಂತೆ ಬರೆದಿರುವಾಗ ಅನುಮಾನವೇಕೆ ಮೇಡಂ? ನೂರು ವರ್ಷ ದಾಟಿದ ಬಾಯಿಮಾತಿಗಿಂತ ಆ ದಿನ ಬರೆದ ಪುಸ್ತಕವೇ ಹೆಚ್ಚು ನಂಬಿಕೆಗೆ ಅರ್ಹ.

ಕಡೂರಿನ_ಮೇಷ್ಟ್ರು

ಪುಸ್ತಕವನ್ನು ನಂಬಬೇಕು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಪುಸ್ತಕವು ಹೇಳುತ್ತಿರುವುದು ಸೆಪ್ಟೆಂಬರ್ ಅಲ್ಲ. ನಾನು ಚಿಕ್ಕಂದಿನಲ್ಲಿ ಕೆಲವು ವರ್ಷ ಗುರುಮಠದಲ್ಲಿ (ಪಾದ್ರಿಗಳಾಗುವವರು ಓದುವ ಕಡೆ) ಲ್ಯಾಟಿನ್ ಕಲಿತವನು, ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ರೋಮನ್ನರ ಹಳೆಯ ವರ್ಷ ಮಾರ್ಚ್‌ನಿಂದ ಆರಂಭವಾಗುತ್ತಿತ್ತು. ಅಲ್ಲಿಂದ ಎಣಿಸಿದರೆ ಏಳನೆಯದು ಸೆಪ್ಟೆಂಬರ್, ಎಂಟನೆಯದು ಅಕ್ಟೋಬರ್, ಒಂಬತ್ತನೆಯದು ನವೆಂಬರ್, ಹತ್ತನೆಯದು ಡಿಸೆಂಬರ್. ಸೆಪ್ಟೆಮ್, ಒಕ್ಟೊ, ನೊವೆಮ್, ಡೆಕೆಮ್ ಎಂಬ ಲ್ಯಾಟಿನ್ ಸಂಖ್ಯೆಗಳಿಂದಲೇ ಆ ಹೆಸರುಗಳು ಹುಟ್ಟಿವೆ. ಹಾಗಾಗಿ ಬರೆಯುವವರು ಸಮಯ ಉಳಿಸಲು 7ಬ್ರಿಸ್, 8ಬ್ರಿಸ್, 9ಬ್ರಿಸ್ ಎಂದೂ, ಡಿಸೆಂಬರಿಗೆ ಹತ್ತರ ರೋಮನ್ ಅಂಕಿಯಾದ ಎಕ್ಸ್ ಹಾಕಿ «ಎಕ್ಸ್‌ಬ್ರಿಸ್» ಎಂದೂ ಬರೆಯುತ್ತಿದ್ದರು. ಆಗ ನಮ್ಮ ಸೀಮೆಯಲ್ಲಿದ್ದವರು ಪ್ಯಾರಿಸ್‌ನ ವಿದೇಶ ಮಿಷನ್ನಿನ ಗುರುಗಳು; ಫ್ರೆಂಚರಲ್ಲಿಯೂ ಇದೇ ರೂಢಿ ಇದ್ದುದರಿಂದ ಅವರ ಕೈಗೆ ಅದು ಸಹಜವಾಗಿಯೇ ಬರುತ್ತಿತ್ತು. ನಿಮ್ಮ ಸಾಲಿನ ತಿಂಗಳು ನವೆಂಬರ್.

«ಸೆಪ್.» ಎಂಬುದು ಸೆಪುಲ್ಟಾ, ಅಂದರೆ ಸಮಾಧಿ ಮಾಡಲಾಯಿತು ಎಂದರ್ಥ. «ಎಕ್ಸ್ ಫೆಬ್ರ್.» ಎಂಬುದು ಎಕ್ಸ್ ಫೆಬ್ರಿ, ಜ್ವರದಿಂದ. ಮಲೆನಾಡಿನ ಅಂಚಿನ ಊರಿನಲ್ಲಿ ಆ ಕಾಲದಲ್ಲಿ ಜ್ವರವೆಂದರೆ ಏನಿದ್ದಿರಬಹುದು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ನೀವು ಮೂರು ತಿಂಗಳೆಂದು ಓದಿದ ಕಡೆ ತಿಂಗಳು ಒಂದೇ ಇದೆ.

ಬೇಲೂರು_ಓದುಗಿ

ಮೇಷ್ಟ್ರೇ, «ಫೆರ್. 6» ಎಂದರೆ ಏನು? ಬೆಳಗಿನ ಆರು ಗಂಟೆಯೇ?

ಕಡೂರಿನ_ಮೇಷ್ಟ್ರು

ಅಲ್ಲಮ್ಮ, ಅದು ವಾರ. ಚರ್ಚಿನ ಲ್ಯಾಟಿನ್ನಿನಲ್ಲಿ ಭಾನುವಾರವನ್ನು ಡೊಮಿನಿಕಾ ಎಂದೂ, ಶನಿವಾರವನ್ನು ಸಬ್ಬಾತುಮ್ ಎಂದೂ ಕರೆದು, ನಡುವಿನ ವಾರಗಳನ್ನು ಫೇರಿಯಾ ಎಂಬ ಮಾತಿಗೆ ಸಂಖ್ಯೆ ಸೇರಿಸಿ ಹೇಳುತ್ತಾರೆ. ಸೋಮವಾರ ಎರಡನೆಯ ಫೇರಿಯಾ, ಶುಕ್ರವಾರ ಆರನೆಯದು. «ಹೆರಿ» ಎಂದರೆ ನಿನ್ನೆ, «ಡೆಫ್.» ಎಂದರೆ ಡೆಫುಂಕ್ಟಾ, ತೀರಿಕೊಂಡವಳು. «ಮಾ.» ಎಂಬುದು ಮರಿಯಾ ಎಂಬ ಹೆಸರು, «ಆನ್. ಸಿ. 30» ಎಂದರೆ ವಯಸ್ಸು ಸುಮಾರು 30. ನಿನ್ನೆ ಶುಕ್ರವಾರ ತೀರಿಕೊಂಡವಳನ್ನು ಇಂದು 14ನೆಯ ತಾರೀಖು ಸಮಾಧಿ ಮಾಡಲಾಯಿತು ಎಂದಾಗುತ್ತದೆ.

ಇದರಿಂದ ನಮಗೊಂದು ಒಳ್ಳೆಯ ಪರೀಕ್ಷೆ ಸಿಕ್ಕಿತು. ಈಗಷ್ಟೇ ಲೆಕ್ಕ ಹಾಕಿ ನೋಡಿದೆ. 1896ರ ಸೆಪ್ಟೆಂಬರ್ 13 ಭಾನುವಾರ. ಅದೇ ವರ್ಷದ ನವೆಂಬರ್ 13 ಶುಕ್ರವಾರ. ಸತ್ತವರ ಹಬ್ಬದಿಂದ ಹನ್ನೊಂದನೆಯ ದಿನ. ಹೇಮಾವತಿಯವರೇ, ನಿಮ್ಮ ಅಜ್ಜಿಯ ನೆನಪು ಒಂದು ದಿನವೂ ತಪ್ಪಿಲ್ಲ.

ಹೇಮಾವತಿ_ಹಿನ್ನೀರು

ಮೇಷ್ಟ್ರೇ, ಇದನ್ನು ಓದಿ ತಾಯಿಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಏನೂ ಮಾತನಾಡದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾವು ಇಷ್ಟು ವರ್ಷ ಅಜ್ಜಿಯ ಮಾತನ್ನು ಸುಮ್ಮನೆ ಕೇಳಿ ಬಿಟ್ಟಿದ್ದೆವು.

ಸಕಲೇಶಪುರ_ಮಳೆ

ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಒಂದು ಸಲಹೆ ಇದೆ. ಅರ್ಥ ತಿಳಿದ ಮೇಲೆ ಈ ಸಂಕ್ಷೇಪಗಳನ್ನೆಲ್ಲ ಕೈಬಿಟ್ಟು, ನೇರವಾಗಿ ಕನ್ನಡದಲ್ಲಿ ವಿಸ್ತರಿಸಿ ಬರೆದರೆ ಮನೆಯ ಮಕ್ಕಳಿಗೂ ಉಪಯೋಗವಾಗುತ್ತದೆ. «ಉಕ್ಸ್. ಕ್ಯು. ಇಗ್ನ್.» ಎಂದು ಬರೆದಿಟ್ಟರೆ ನಾಳೆ ಅದನ್ನು ಓದುವವರು ಯಾರು?

ಮೂಡಿಗೆರೆ_ತೋಟ

ದಯವಿಟ್ಟು ಹಾಗೆ ಮಾಡಬೇಡಿ. ಆ ತಪ್ಪನ್ನು ಮಾಡಿ ಅದರ ಫಲ ಉಂಡವನು ನಾನು.

ನಮ್ಮ ತೋಟದ ಪಕ್ಕದಲ್ಲಿ ಹಳೆಯ ಬಿಳಿಯ ದೊರೆಗಳ ಕೆಲವು ಸಮಾಧಿಗಳಿವೆ. ಅವುಗಳ ಮೇಲೆ ಪಾಚಿ ಹತ್ತಿ ಅಕ್ಷರ ಕಾಣದಂತಾದಾಗ, ಅವರ ಸಮಾಧಿ ದಾಖಲೆಗಳ ನಕಲು ತರಿಸಿಕೊಂಡು ಬರೆಯಲು ಕುಳಿತೆ. ಇಂಗ್ಲಿಷ್ ದಾಖಲೆಯಲ್ಲಿ ಸತ್ತ ದಿನ, ಸಮಾಧಿಯ ದಿನ, ಹೆಸರು, ವಯಸ್ಸು, ಉದ್ಯೋಗ, ಕಾಯಿಲೆ, ಕ್ರಿಯೆ ನಡೆಸಿದವರು ಎಂದು ಬೇರೆ ಬೇರೆ ಕಲಮುಗಳಿರುತ್ತವೆ. ಒಂದು ಮಗುವಿನ ಸಾಲಿನಲ್ಲಿ ಮಸಿ ಹರಡಿ ಕೊನೆಯ ಕಲಮಿನ ಗೆರೆ ಅಳಿಸಿಹೋಗಿತ್ತು. ಅಲ್ಲಿ ಡಬ್ಲ್ಯು ಎಂಬ ಅಕ್ಷರ, ಅದರ ಮುಂದೆ ಎಂ. ಇಂಗ್ಲಿಷಿನವರು ವಿಲಿಯಂ ಎಂಬುದನ್ನು ಹಾಗೆ ಕುಗ್ಗಿಸಿ ಬರೆಯುವುದು ಗೊತ್ತಿದ್ದುದರಿಂದ, ನಾನು ಮಗುವಿನ ಹೆಸರಿಗೆ ವಿಲಿಯಂ ಎಂದು ಸೇರಿಸಿದೆ. ಮೂಲದಲ್ಲಿ ಏನಿತ್ತೆಂಬುದನ್ನು ಎಲ್ಲಿಯೂ ಬರೆದಿಡಲಿಲ್ಲ. ನನ್ನ ಪ್ರತಿಯನ್ನು ನೋಡಿ ಆ ಕುಟುಂಬದವರು ತಮ್ಮ ವಂಶವೃಕ್ಷದಲ್ಲಿ ಹಾಕಿಕೊಂಡರು, ಅವರನ್ನು ನೋಡಿ ಇನ್ನೂ ಕೆಲವರು ಹಾಕಿಕೊಂಡರು. ಎರಡು ವರ್ಷದ ಮೇಲೆ ಬೇರೆ ಸಾಲುಗಳನ್ನು ಓದುವಾಗ, ಅದು ಹೆಸರಲ್ಲ, ಕ್ರಿಯೆ ನಡೆಸಿದ ವೆಸ್ಲಿಯನ್ ಮಿನಿಸ್ಟರ್ (ಒಂದು ಪ್ರೊಟೆಸ್ಟೆಂಟ್ ಪಂಥದ ಪಾದ್ರಿ) ತಮ್ಮ ರುಜುವಿನ ಮುಂದೆ ಹಾಕುತ್ತಿದ್ದ ಎರಡು ಅಕ್ಷರ ಎಂದು ತಿಳಿಯಿತು. ನಾನು ಪತ್ರ ಬರೆದು ತಿದ್ದಿಸಿದೆ. ಆದರೂ ಆ ಇಲ್ಲದ ವಿಲಿಯಂ ಇಂದಿಗೂ ಎರಡು ಮೂರು ಕಡೆ ಉಳಿದುಕೊಂಡಿದ್ದಾನೆ. ಮೂಲದ ಅಕ್ಷರಗಳನ್ನು ಹಾಗೆಯೇ ಇಟ್ಟಿದ್ದರೆ ಯಾರಾದರೂ ಅಂದೇ ಹಿಡಿಯುತ್ತಿದ್ದರು.

ಅದೇ ಪುಸ್ತಕದಲ್ಲಿ «ಇನ್ಫ್.» ಎಂಬುದು ಒಂದು ಕಡೆ ಹಸುಗೂಸು ಎಂದಿದ್ದರೆ ಇನ್ನೊಂದು ಕಡೆ ಕಾಲಾಳು ಪಡೆ ಎಂದಿದೆ. ವಯಸ್ಸಿನ ಕಲಮು ನೋಡದೆ ಬಿಡಿಸಿದರೆ ಮೂರು ತಿಂಗಳ ಕೂಸು ಸಿಪಾಯಿಯಾಗುತ್ತದೆ.

ಸಕಲೇಶಪುರ_ಮಳೆ

ನಿಮ್ಮ ಅನುಭವವನ್ನು ಗೌರವಿಸುತ್ತೇನೆ, ಆದರೂ ಒಪ್ಪಲಾರೆ. ನೀವು ಹೇಳುತ್ತಿರುವುದು ತಪ್ಪಾಗಿ ವಿಸ್ತರಿಸಿದ ಕಥೆ. ಸರಿಯಾಗಿ ವಿಸ್ತರಿಸಿದರೆ ತೊಂದರೆ ಏನು? «ಸೆಪ್.» ಎಂದರೆ ಸಮಾಧಿ ಎಂಬುದು ಈಗ ಎಲ್ಲರಿಗೂ ತಿಳಿಯಿತಲ್ಲ.

ಶಾನುಭೋಗರ_ಮೊಮ್ಮಗ

ಸರಿಯೋ ತಪ್ಪೋ ಎಂಬುದು ವಿಸ್ತರಿಸುವ ದಿನ ತಿಳಿಯುವುದಿಲ್ಲ ಎಂಬುದೇ ಅಲ್ಲವೇ ತೊಂದರೆ? ಲ್ಯಾಟಿನ್ ಬಿಡಿ, ನಮ್ಮ ಕನ್ನಡವನ್ನೇ ನೋಡಿ. ನಮ್ಮ ತಾತ ಊರಿನ ಸಾವುಗಳನ್ನು ಬರೆದಿಟ್ಟ ಒಂದು ಕಡತ ನನ್ನ ಬಳಿ ಇದೆ. ಅದರಲ್ಲಿ «ತಾ||» ಎಂಬುದು ಸಾಲಿನ ಮೊದಲಲ್ಲಿ ಬಂದರೆ ತಾರೀಖು, ಊರಿನ ಹೆಸರಿನ ಪಕ್ಕದಲ್ಲಿ ಬಂದರೆ ತಾಲ್ಲೂಕು. «ಬ||» ಎಂದರೆ ಬಹುಳ, ಕೃಷ್ಣಪಕ್ಷ. ಅದನ್ನು ನಮ್ಮ ಅಣ್ಣ ಬುಧವಾರವೆಂದು ಓದಿದ್ದರು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು «ದು|| ಸಂ||» ಎಂಬುದು. ದುರ್ಮುಖಿ ಸಂವತ್ಸರವಾದರೆ 1896. ದುರ್ಮತಿಯಾದರೆ 1921. ದುಂದುಭಿಯಾದರೆ 1922. ಅದು ನಮ್ಮ ದೊಡ್ಡ ಮುತ್ತಜ್ಜಿಯ ಸಾವಿನ ಸಾಲಾಗಿದ್ದುದರಿಂದ, ಇಪ್ಪತ್ತೈದು ವರ್ಷ ಆಚೀಚೆಯಾದರೆ ಅವರ ಮಕ್ಕಳ ಲೆಕ್ಕವೇ ತಪ್ಪಿಹೋಗುತ್ತಿತ್ತು. ಪುಣ್ಯಕ್ಕೆ ತಾತ ತಿಥಿಯ ಜೊತೆಗೆ ವಾರವನ್ನೂ ಬರೆದಿದ್ದರು. ಮೂರೂ ವರ್ಷಗಳ ಪಂಚಾಂಗ ಹಿಡಿದು ನೋಡಿದಾಗ ತಿಥಿಯೂ ವಾರವೂ ಕೂಡಿಬಂದುದು ದುರ್ಮತಿಯಲ್ಲಿ ಮಾತ್ರ. ನಾನು ಮೊದಲ ದಿನವೇ «ದುರ್ಮುಖಿ» ಎಂದು ವಿಸ್ತರಿಸಿ ಮೂಲವನ್ನು ಮುಚ್ಚಿಬಿಟ್ಟಿದ್ದರೆ ಮತ್ತೆ ಪ್ರಶ್ನೆಯೇ ಏಳುತ್ತಿರಲಿಲ್ಲ. ಇನ್ನು «ವಿ||» ಎಂಬುದರ ಗೋಜಿಗೆ ಹೋಗುವುದು ಬೇಡ. ವಿಭವ, ವಿಶ್ವಾವಸು ಎಂದು ಆ ಅಕ್ಷರದಿಂದ ಆರಂಭವಾಗುವ ಸಂವತ್ಸರಗಳೇ ಹಲವು ಇವೆ.

ಆಲೂರಿನವಳು

ನನ್ನದೂ ಒಂದು ಅನುಭವವಿದೆ. ನಮ್ಮ ಕಡೆಯ ಪುಸ್ತಕದಲ್ಲಿ ಅನೇಕ ಕೂಸುಗಳ ಸಾಲಿನಲ್ಲಿ «ಎನ್. ಫಿಲ್. ಪೌಲಿ» ಎಂಬಂತೆ ಬರುತ್ತದೆ. ನಾವೆಲ್ಲ ಹೆಸರಿನ ಹಿಂದೆ ಇನಿಷಿಯಲ್ ಹಾಕಿಕೊಳ್ಳುವವರಾದ್ದರಿಂದ, ಎನ್ ಎಂಬುದು ಆ ಮನೆತನದ ಇನಿಷಿಯಲ್ ಎಂದುಕೊಂಡು ನಾಲ್ಕು ಬೇರೆ ಬೇರೆ ಮನೆಯ ಕೂಸುಗಳನ್ನು ಒಂದೇ ವಂಶಕ್ಕೆ ಸೇರಿಸಿಬಿಟ್ಟಿದ್ದೆ. ಅದು ನೋಮೆನ್, ಅಂದರೆ ಹೆಸರು ಎಂಬ ಮಾತಿನ ಮೊದಲಕ್ಷರ. ಹೆಸರು ತಿಳಿಯದಿದ್ದಾಗಲೂ ಹೆಸರಿಡುವ ಮೊದಲೇ ಕೂಸು ಹೋದಾಗಲೂ ಆ ಜಾಗದಲ್ಲಿ ಅದನ್ನು ಹಾಕುತ್ತಿದ್ದರು ಎಂದು ಒಬ್ಬ ಗುರುಗಳು ತಿಳಿಸಿದರು. ಆ ಹಾಳೆಯನ್ನು ಮತ್ತೆ ತೆರೆದಾಗ, ಹೆಸರಿಲ್ಲದ ಅಷ್ಟು ಕೂಸುಗಳನ್ನು ಕಂಡು ಆ ದಿನ ಮುಂದೆ ಬರೆಯಲಾಗಲಿಲ್ಲ.

ಮೇಷ್ಟ್ರೇ, «ಫಿಲ್.» ಎಂದಷ್ಟೇ ಇದ್ದರೆ ಮಗನೋ ಮಗಳೋ ತಿಳಿಯುವುದು ಹೇಗೆ?

ಕಡೂರಿನ_ಮೇಷ್ಟ್ರು

ಆ ಒಂದು ಮಾತಿನಿಂದ ತಿಳಿಯುವುದಿಲ್ಲ. ಫಿಲಿಯುಸ್ ಎಂದರೆ ಮಗ, ಫಿಲಿಯಾ ಎಂದರೆ ಮಗಳು; ಕುಗ್ಗಿಸಿದಾಗ ಎರಡೂ ಒಂದೇ. ಸೆಪುಲ್ಟುಸ್, ಸೆಪುಲ್ಟಾ ಎಂಬುವೂ ಹಾಗೆಯೇ. ಕೆಲವು ಬರಹಗಾರರು ಕೊನೆಯ ಅಕ್ಷರವನ್ನು ಮೇಲೆ ಚಿಕ್ಕದಾಗಿ ಬರೆದಿರುತ್ತಾರೆ. ಫೋಟೊದಲ್ಲಿ ಅದು ಮಸಿಯ ಚುಕ್ಕೆಯಂತೆ ಕಾಣುವುದರಿಂದ ದೊಡ್ಡದು ಮಾಡಿ ನೋಡಬೇಕು.

ತಂದೆಯ ಹೆಸರಿನಲ್ಲಿಯೂ ಎಚ್ಚರ ಬೇಕು. «ಪೌಲಿ» ಎಂಬ ಹೆಸರಿನವರು ಯಾರೂ ಇರಲಿಲ್ಲ; ಅದು ಪೌಲುಸ್ ಎಂಬುದರ ಷಷ್ಠೀ ವಿಭಕ್ತಿ, ಪೌಲನ ಎಂದರ್ಥ. ಪೆತ್ರಿ ಎಂದರೆ ಪೆತ್ರುಸನ, ಇಗ್ನಾಸಿಯಿ ಎಂದರೆ ಇಗ್ನಾಸಿಯುಸನ. ಆ ಲ್ಯಾಟಿನ್ ಹೆಸರುಗಳಿಂದ ಅವರನ್ನು ಊರಿನಲ್ಲಿ ಯಾರೂ ಕರೆದಿರಲಿಲ್ಲ ಎಂಬುದೂ ನೆನಪಿರಲಿ. ಪುಸ್ತಕದ ಪೆತ್ರುಸ್ ಮನೆಯಲ್ಲಿ ರಾಯಪ್ಪ, ಪೌಲುಸ್ ಚಿನ್ನಪ್ಪ, ಯೊವಾನ್ನೆಸ್ ಅರುಳಪ್ಪ, ಯಾಕೋಬುಸ್ ಯಾಗಪ್ಪ, ಸಾವೇರಿಯುಸ್ ಚೌರಪ್ಪ, ಇಗ್ನಾಸಿಯುಸ್ ಇನ್ನಾಸಪ್ಪ. ಈ ಕೊಂಡಿ ತಿಳಿಯದವರು ಕಣ್ಣೆದುರಿಗೇ ಇರುವ ತಮ್ಮ ಅಜ್ಜನನ್ನು ಗುರುತಿಸದೆ ಹಾಳೆ ತಿರುವುತ್ತಾರೆ.

ಬೇಲೂರು_ಓದುಗಿ

ಹಾಗಾದರೆ ಹೇಮಾವತಿ ಅಕ್ಕನ ಸಾಲಿನಲ್ಲಿರುವ «ಇಗ್ನ್.» ನಿಶ್ಚಯವಾಗಿಯೂ ಇನ್ನಾಸಪ್ಪನವರೇ?

ಮೂಡಿಗೆರೆ_ತೋಟ

ನಾನು ಅಲ್ಲಿ ತಡೆಯುತ್ತೇನೆ. ಲ್ಯಾಟಿನ್ನಿನಲ್ಲಿ ಇಗ್ನೋತುಸ್ ಎಂದರೆ ಗೊತ್ತಿಲ್ಲದವನು. ತಂದೆ ಯಾರೆಂದು ತಿಳಿಯದ ಕೂಸುಗಳ ಸಾಲಿನಲ್ಲಿ ಅದನ್ನೂ «ಇಗ್ನ್.» ಎಂದೇ ಕುಗ್ಗಿಸುತ್ತಾರೆ. ಮನೆಯವರ ಮನಸ್ಸಿಗೆ ಹಿತವಾದ ಓದನ್ನೇ ಆರಿಸಿಕೊಳ್ಳುವ ಮೊದಲು ಎರಡನ್ನೂ ತೂಗಿ ನೋಡಬೇಕು.

ಕಡೂರಿನ_ಮೇಷ್ಟ್ರು

ತೂಗಿ ನೋಡೋಣ. «ಉಕ್ಸ್.» ಎಂದರೆ ಉಕ್ಸೋರ್, ಹೆಂಡತಿ. ಇಂಥವನ ಹೆಂಡತಿ ಎಂದು ಗುರುತಿಸಲು ಹೊರಟವರು ಗೊತ್ತಿಲ್ಲದವನ ಹೆಂಡತಿ ಎಂದು ಬರೆದರೆ ಗುರುತಾಗುವುದಿಲ್ಲ. ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದನ್ನು ಹೇಮಾವತಿಯವರು ನೋಡಿ ಹೇಳಲಿ.

ನನಗೆ ಹೆಚ್ಚು ಯೋಚನೆ ಹಚ್ಚಿರುವುದು ಅದರ ಹಿಂದಿನ «ಕ್ಯು.» ಎಂಬ ಅಕ್ಷರ. ಅದು ಕ್ವೊಂಡಮ್ ಎಂಬುದರ ಸಂಕ್ಷೇಪವಾಗಿದ್ದರೆ, ಹಿಂದೆ ಇದ್ದ, ಈಗಿಲ್ಲದ ಎಂದರ್ಥ. ನಮ್ಮವರು «ದಿ||» ಎಂದು ಬರೆಯುವಂತೆ. ಆಗ ಸಾಲು ದಿವಂಗತ ಇನ್ನಾಸಪ್ಪನ ಹೆಂಡತಿ ಎಂದಾಗುತ್ತದೆ. ಮುತ್ತಜ್ಜಿ ತೀರಿಕೊಳ್ಳುವ ಹೊತ್ತಿಗೆ ಮುತ್ತಜ್ಜ ಬದುಕಿರಲಿಲ್ಲ ಎಂದಾಗುತ್ತದೆ.

ಸಕಲೇಶಪುರ_ಮಳೆ

ವಿಧವೆ ಎನ್ನಲು ವಿದುವಾ, «ವಿಡ್.» ಎಂಬ ಮಾತು ಇತ್ತಲ್ಲ ಮೇಷ್ಟ್ರೇ? ಅದನ್ನು ಬಿಟ್ಟು ಸುತ್ತಿ ಬಳಸಿ ಬರೆದದ್ದೇಕೆ? ನನಗೆ ಇದು ಬೇರೆ ಯಾವುದೋ ಅಕ್ಷರವೆಂದೇ ತೋರುತ್ತದೆ. ಹಾಗೆಯೇ «ಎಸ್. ಎಂ.» ಎಂಬುದನ್ನೂ ಯಾರೂ ಬಿಡಿಸಿಲ್ಲ.

ಕಡೂರಿನ_ಮೇಷ್ಟ್ರು

«ಎಸ್. ಎಂ.» ಎಂಬುದನ್ನು ನಾನು ಸಾಕ್ರಮೆಂತಿಸ್ ಮುನೀತಾ ಎಂದು ಓದುತ್ತೇನೆ, ಕೊನೆಯ ಸಂಸ್ಕಾರಗಳನ್ನು ಪಡೆದವಳು ಎಂದು. ಸಾವಿನ ಕಾರಣದ ನಂತರ ಆ ಮಾತು ಬರುವುದು ವಾಡಿಕೆ. ಕ್ಯು ಅಕ್ಷರದ ವಿಷಯದಲ್ಲಿ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ನಿಘಂಟಿನಲ್ಲಿ ಸಿಗುವುದಿಲ್ಲ, ಅದೇ ಪುಸ್ತಕದಲ್ಲಿ ಸಿಗಬೇಕು. ಹೇಮಾವತಿಯವರೇ, ಅದೇ ಕೈಬರಹದ ಹಿಂದಿನ ಮುಂದಿನ ಹಾಳೆಗಳಲ್ಲಿ ಈ ಅಕ್ಷರ ಎಲ್ಲೆಲ್ಲಿ ಬಂದಿದೆ, ಅಲ್ಲೆಲ್ಲ ಗಂಡನ ಸಾವು ಮೊದಲೇ ದಾಖಲಾಗಿದೆಯೇ ಎಂದು ಹುಡುಕಿ. ಆ ಗುರುಗಳು «ವಿಡ್.» ಎಂದು ಎಲ್ಲಿಯಾದರೂ ಬರೆದಿದ್ದಾರೆಯೇ ಎಂಬುದನ್ನೂ ನೋಡಿ. ಸಾಧ್ಯವಾದರೆ ಮೂಲ ಪುಸ್ತಕವನ್ನೇ ಕಿಟಕಿಯ ಓರೆ ಬೆಳಕಿನಲ್ಲಿ ನೋಡುವುದು ಉತ್ತಮ.

ಆಲೂರಿನವಳು

ಹಾಳೆಯ ಅಂಚುಗಳನ್ನೂ ಫೋಟೊ ತೆಗೆಯಿರಿ ಅಕ್ಕ. ಹೊರಗೆ ತೀರಿಕೊಂಡವರ ಸುದ್ದಿಯನ್ನು ಅಲ್ಲಿ ಬರೆದಿರುವುದನ್ನು ನಾನು ನೋಡಿದ್ದೇನೆ.

ಹೇಮಾವತಿ_ಹಿನ್ನೀರು

ಒಂದು ವಾರ ತಡವಾದುದಕ್ಕೆ ಕ್ಷಮೆ ಇರಲಿ. ಶನಿವಾರ ತಾಯಿಯವರನ್ನೂ ಕರೆದುಕೊಂಡು ಹೋಗಿ, ಗುರುಗಳ ಮುಂದೆಯೇ ಕುಳಿತು ಮೂಲ ಪುಸ್ತಕವನ್ನು ನೋಡಿ ಬಂದೆ.

«ಇಗ್ನ್.» ಎಂಬುದರ ಮೊದಲ ಅಕ್ಷರ ನಿಸ್ಸಂದೇಹವಾಗಿ ದೊಡ್ಡದು. ಅದೇ ಕೈಬರಹದಲ್ಲಿ, ತಂದೆ ಯಾರೆಂದು ತಿಳಿಯದ ಒಂದು ಕೂಸಿನ ಸಾಲಿನಲ್ಲಿ ಅದು ಚಿಕ್ಕದಾಗಿದೆ. ಆ ಗುರುಗಳು ಪುಸ್ತಕದಲ್ಲಿ «ವಿಡ್.» ಎಂದು ಒಮ್ಮೆಯೂ ಬರೆದಿಲ್ಲ, ಅವರ ನಂತರ ಬಂದವರ ಕೈಬರಹದಲ್ಲಿ ಮಾತ್ರ ಅದು ಕಾಣಿಸುತ್ತದೆ. ಇವರ ಬರಹದಲ್ಲಿ ಹೆಂಡತಿ ಎಂಬುದರ ಮುಂದೆ ಕ್ಯು ಬಂದಿರುವ ಸಾಲುಗಳು ನಮ್ಮದಲ್ಲದೆ ಇನ್ನೂ ನಾಲ್ಕು ಸಿಕ್ಕವು, ಅವುಗಳಲ್ಲಿ ಮೂರರ ಗಂಡಂದಿರ ಸಮಾಧಿಯ ಸಾಲು ಅದೇ ಪುಸ್ತಕದಲ್ಲಿ ಹಿಂದೆಯೇ ಇದೆ. ನಾಲ್ಕನೆಯವರದು ಸಿಗಲಿಲ್ಲ.

ಆಲೂರಿನ ತಂಗಿಯ ಮಾತಿನಂತೆ ಅಂಚುಗಳನ್ನು ಒಂದೊಂದಾಗಿ ನೋಡುತ್ತ ಹಿಂದಕ್ಕೆ ಹೋದೆ. 1894ರ ಹಾಳೆಯೊಂದರ ಎಡ ಅಂಚಿನಲ್ಲಿ, ನನ್ನ ಫೋಟೊದಲ್ಲಿ ಹೊಲಿಗೆಯ ಮಡಿಕೆಯೊಳಗೆ ಮುಚ್ಚಿಹೋಗಿದ್ದ ಕಡೆ, ತಾರೀಖಿನ ಭಾಗ ಬಿಟ್ಟು, ಹೀಗೆ ಬರೆದಿದೆ: «ಇಗ್ನ್. ಫಿಲ್. ಪೌಲಿ, ಮಾರ್. ಮಾ., ಓಬ್. ಇನ್ ಮಂಜ್. ಎಕ್ಸ್ ಫೆಬ್ರ್.»

ಕಡೂರಿನ_ಮೇಷ್ಟ್ರು

ಪೌಲನ ಮಗ, ಮರಿಯಳ ಗಂಡ ಇಗ್ನಾಸಿಯುಸ್, ಜ್ವರದಿಂದ ತೀರಿಕೊಂಡನು. ಚಿನ್ನಪ್ಪನ ಮಗ ಇನ್ನಾಸಪ್ಪ.

ಮೂಡಿಗೆರೆ_ತೋಟ

«ಮಂಜ್.» ಎಂಬುದನ್ನು ನಾನು ಬಿಡಿಸಬಲ್ಲೆ. ಅದು ಮಂಜರಾಬಾದ್. ಇಂದಿನ ಸಕಲೇಶಪುರ ತಾಲ್ಲೂಕಿಗೆ ಆಗ ಅದೇ ಹೆಸರು. ಹಳೆಯ ದಾಖಲೆ ಓದುವವರು ಆಗಿನ ಆಡಳಿತದ ಹೆಸರುಗಳನ್ನು ತಿಳಿದುಕೊಳ್ಳದಿದ್ದರೆ ಇಂಥ ಕಡೆ ದಾರಿ ತಪ್ಪುತ್ತಾರೆ. ನಮ್ಮ ಚಿಕ್ಕಮಗಳೂರು ಜಿಲ್ಲೆಗೂ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಮಂಜರಾಬಾದಿನಲ್ಲಿ ಆ ಹೊತ್ತಿಗಾಗಲೇ ಅರ್ಧ ಶತಮಾನದಿಂದ ಕಾಫಿ ತೋಟಗಳಿದ್ದವು, ಬಯಲು ಸೀಮೆಯಿಂದ ಕೂಲಿಗೆ ಜನ ಹೋಗುತ್ತಿದ್ದರು. ಅಲ್ಲಿನ ಜ್ವರಕ್ಕೆ ಸಿಕ್ಕಿ ಹಿಂತಿರುಗದವರು ಬಹಳ ಮಂದಿ. ಇಗ್ನೋತುಸ್ ಎಂಬ ನನ್ನ ಅನುಮಾನವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಸಕಲೇಶಪುರ_ಮಳೆ

ನಾನೂ. ಆ ಅಂಚಿನ ಬರಹದಲ್ಲಿ ಒಂದೊಂದು ಅಕ್ಷರವನ್ನೂ ನೀವು ಇದ್ದಂತೆಯೇ ಬರೆದು ಕೊಟ್ಟಿದ್ದರಿಂದಲೇ ಇಲ್ಲಿ ಇಬ್ಬರು ಬೇರೆ ಬೇರೆಯಾಗಿ ಬಿಡಿಸಲು ಸಾಧ್ಯವಾಯಿತು. ನನ್ನ ಅಜ್ಜನ ಮನೆಯ ಕಾಗದಗಳನ್ನು ನಾನು ಮತ್ತೆ ಮೊದಲಿನಿಂದ ನಕಲು ಮಾಡಬೇಕಾಗಿದೆ.

ಶಾನುಭೋಗರ_ಮೊಮ್ಮಗ

ಹೇಮಾವತಿಯವರೇ, ಈಗ ನಿಮ್ಮ ಪ್ರತಿಯಲ್ಲಿ ಇದನ್ನು ಹೇಗೆ ಬರೆಯುತ್ತೀರಿ? ಅಂಚಿನ ಟಿಪ್ಪಣಿಯಲ್ಲಿ ತಿಂಗಳು ಇದೆಯೇ?

ಹೇಮಾವತಿ_ಹಿನ್ನೀರು

ಎಡಗಡೆ ಮೂಲದ ಅಕ್ಷರಗಳು, ಚುಕ್ಕೆಗಳೊಡನೆ, ಇದ್ದಂತೆ. ಬಲಗಡೆ ಕನ್ನಡದಲ್ಲಿ ಅರ್ಥ. «ಕ್ಯು.» ಎಂಬುದರ ಅರ್ಥದ ಪಕ್ಕದಲ್ಲಿ, ಮೇಷ್ಟ್ರ ಓದು ಎಂದೂ, ಅದಕ್ಕೆ ಆಧಾರವಾದ ಮೂರು ಸಾಲುಗಳು ಯಾವುವು ಎಂದೂ, ನಾಲ್ಕನೆಯದು ಸಿಗಲಿಲ್ಲ ಎಂದೂ ಬರೆದಿದ್ದೇನೆ.

ಮುತ್ತಜ್ಜ ಹೆಂಡತಿ ತೀರಿಕೊಂಡ ಮೇಲೆ ಮಕ್ಕಳನ್ನು ಬಿಟ್ಟು ಹೋದವರಲ್ಲ. ಅವರು ಅದಕ್ಕೆ ಎರಡು ವರ್ಷ ಮೊದಲೇ ಕೂಲಿಗೆ ಹೋಗಿ ಅಲ್ಲಿಯೇ ಜ್ವರಕ್ಕೆ ತುತ್ತಾದವರು. ಮುತ್ತಜ್ಜಿ ಆ ಎರಡು ವರ್ಷ ಮಕ್ಕಳನ್ನು ಒಬ್ಬರೇ ಸಾಕಿದರು. ಇದನ್ನು ತಾಯಿಯವರು ನನ್ನ ಮಾವಂದಿರಿಗೆಲ್ಲ ತಾವೇ ಫೋನು ಮಾಡಿ ಹೇಳಿದರು. ಬರುವ ನವೆಂಬರ್ 13ರಂದು ಇಬ್ಬರ ಹೆಸರಿನಲ್ಲಿಯೂ ಪೂಜೆ ಇಡಿಸುತ್ತಿದ್ದೇವೆ.

ಅಂಚಿನ ಟಿಪ್ಪಣಿಯಲ್ಲಿ ದಿನ ಇಲ್ಲ. ತಿಂಗಳು ಮಾತ್ರ ಇದೆ, «8ಬ್ರಿಸ್» ಎಂದು. ಅಕ್ಟೋಬರ್.